ಲೆಕ್ಕಕ್ಕೆ ಸಿಕ್ಕದವರ ಲೆಕ್ಕ

ನಾನು ಕನ್ನಡದ ಮೇಷ್ಟ್ರು. ಗಣಿತಕ್ಕೂ ನನಗೂ ಶಾಲೆಯ ದಿನಗಳಿಂದ ಅಷ್ಟಕ್ಕಷ್ಟೆ. ಆದರೂ ನ್ಯೂ ಟೌನಿನ ನಮ್ಮ ಮನೆಯ ಹಳೆಯ ಕಡತವೊಂದು ನನಗೆ ವ್ಯವಕಲನವನ್ನು ಮತ್ತೆ ಕಲಿಸಿತು. ಮುತ್ತಜ್ಜ ಅದರಲ್ಲಿ ತಿಥಿ, ನಕ್ಷತ್ರ ಸಹಿತ ಏಳು ಮಕ್ಕಳ ಜನನವನ್ನು ಬರೆದಿದ್ದಾರೆ. ತಾತನಾದರೋ ‘ನಾವು ಐವರು’ ಎಂದೇ ಹೇಳುತ್ತಿದ್ದರು. ಮಿಕ್ಕಿಬ್ಬರು? ‘ಜ್ವರದ ವರ್ಷ ಹೋದರು’ ಎಂದಷ್ಟೇ ಉತ್ತರ. ಕಡತದಲ್ಲಿ ಅವರ ಮರಣದ ಸುದ್ದಿಯಿಲ್ಲ.

ಜ್ವರದ ವರ್ಷವೆಂದರೆ ಕಾಳಯುಕ್ತಿ ಸಂವತ್ಸರ, ೧೯೧೮. ಮಹಾಯುದ್ಧ ಮುಗಿಯುವ ಹೊತ್ತಿಗೆ ಲೋಕವನ್ನೆಲ್ಲ ಸುತ್ತಿದ ಇನ್‌ಫ್ಲುಯೆಂಜಾ ನಮ್ಮ ನಾಡನ್ನೂ ಹೊಕ್ಕಿತು. ಭದ್ರಾವತಿಯ ಕಬ್ಬಿಣದ ಕುಲುಮೆ ಆಗಿನ್ನೂ ಹೊತ್ತಿರಲಿಲ್ಲ. ಅದು ಹೊತ್ತಿದ್ದು ೧೯೨೩ರಲ್ಲಿ. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸು ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ೧೯೩೩ರಲ್ಲಿ. ಸಾವನ್ನು ಬರೆದುಕೊಳ್ಳಬೇಕಾದವನೇ ಹಾಸಿಗೆ ಹಿಡಿದರೆ ಬರೆಯುವವರಾರು?

ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಸತ್ತವರನ್ನು ಎಣಿಸಲಾಗದಿದ್ದರೆ, ಇರಬೇಕಾಗಿದ್ದವರಲ್ಲಿ ಇರುವವರನ್ನು ಕಳೆ ಎನ್ನುತ್ತದೆ. ಇಂದಿನ ಕರ್ನಾಟಕದ ಎಲ್ಲೆಯೊಳಗೆ ೧೯೦೧ರಲ್ಲಿ ೧೩೦.೫ ಲಕ್ಷ ಜನರಿದ್ದರು, ೧೯೧೧ರಲ್ಲಿ ೧೩೫.೩ ಲಕ್ಷ. ಅದೇ ದರದಲ್ಲಿ ಬೆಳೆದಿದ್ದರೆ ೧೯೨೧ಕ್ಕೆ ೧೪೦ ಲಕ್ಷವಾಗಬೇಕಿತ್ತು. ಜನಗಣತಿಗೆ ಸಿಕ್ಕವರು ೧೩೩.೮ ಲಕ್ಷ! ಆರು ಲಕ್ಷಕ್ಕೂ ಮೀರಿದ ಈ ಕೊರತೆಯೆಲ್ಲ ಜ್ವರದ ಪಾಲೆನ್ನುವಂತಿಲ್ಲ. ಪ್ಲೇಗು, ಬರ, ಹುಟ್ಟದೆಯೇ ಹೋದ ಕೂಸುಗಳು, ಎಲ್ಲವೂ ಅದರಲ್ಲಿ ಸೇರಿವೆ. ಅವನ್ನು ಬೇರ್ಪಡಿಸುವುದೇ ಈ ಗಣಿತದ ಕಷ್ಟದ ಭಾಗ. ಹಾಗೆ ತೂಗಿ ನೋಡಿ, ಕಿಂಗ್ಸ್‌ಲಿ ಡೇವಿಸ್ ಎಂಬ ವಿದ್ವಾಂಸರು ೧೯೫೧ರ ತಮ್ಮ ಗ್ರಂಥದಲ್ಲಿ, ಅಂದಿನ ಭಾರತದಲ್ಲಿ ಈ ಜ್ವರಕ್ಕೆ ಬಲಿಯಾದವರು ಸುಮಾರು ಎರಡು ಕೋಟಿ ಎಂದು ಅಂದಾಜು ಮಾಡಿದರು.

ಇದು ಹಳೆಯ ಕಥೆಯೆಂದು ವಾಚಕರು ಪುಟ ಮಗುಚಬಾರದು. ಕೊರೋನಾದ ೨೦೨೦ ಮತ್ತು ೨೦೨೧ರಲ್ಲಿ ಜಗತ್ತಿನಲ್ಲಿ ವರದಿಯಾದ ಸಾವು ೫೪ ಲಕ್ಷ. ವಾಡಿಕೆಯ ಸಾವಿಗಿಂತ ಹೆಚ್ಚಾದದ್ದನ್ನು ಲೆಕ್ಕ ಹಾಕಿದ ವಿಶ್ವ ಆರೋಗ್ಯ ಸಂಸ್ಥೆ ೨೦೨೨ರ ಮೇ ತಿಂಗಳಲ್ಲಿ ಹೇಳಿದ್ದು ಸುಮಾರು ೧೪೯ ಲಕ್ಷ. ಅದರಲ್ಲಿ ಭಾರತಕ್ಕೆ ಹಾಕಿದ ೪೭ ಲಕ್ಷವನ್ನು ನಮ್ಮ ಸರ್ಕಾರ ಒಪ್ಪಲಿಲ್ಲ. ಬರೆದಿಟ್ಟ ಲೆಕ್ಕ ಪೂರ್ಣವಾಗಿದ್ದರೆ ಇಂಥ ಜಗಳಕ್ಕೆ ಎಡೆಯೆಲ್ಲಿರುತ್ತಿತ್ತು?

ಏಳರಲ್ಲಿ ಐದು ಕಳೆದರೆ ಎರಡು. ಕಡತದಲ್ಲಿ ಆ ಇಬ್ಬರ ಹೆಸರಿದೆ, ಜನ್ಮನಕ್ಷತ್ರವಿದೆ. ಮೊನ್ನೆ ಅವುಗಳ ಮುಂದೆ ‘೧೯೧೮, ಜ್ವರ’ ಎಂದು ಬರೆದೆ. ಮುತ್ತಜ್ಜನ ಕೈ ಬರೆಯಲಾರದೆ ಬಿಟ್ಟ ಸಾಲು, ನೂರು ವರ್ಷ ಕಳೆದ ಮೇಲೂ ನನ್ನ ಕೈಯನ್ನು ಒಂದು ಗಳಿಗೆ ನಿಲ್ಲಿಸಿತು.