ಯಕೃತ್ತಿಗೆ ಗಿಡಮೂಲಿಕೆ: ಇಲಿಯ ಮೇಲಿನ ಪರೀಕ್ಷೆ ಹೇಳುವುದೆಷ್ಟು?

ಕಾಮಾಲೆ ಎಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ನೆಲನೆಲ್ಲಿ. ನೆಲಬೇವು, ಕಟುಕರೋಹಿಣಿ, ಅಮೃತಬಳ್ಳಿಗಳೂ ಯಕೃತ್ತಿನ ರಕ್ಷಣೆಗೆ ಹೆಸರಾದವೇ. ಇವುಗಳ ಗುಣ ಪ್ರಯೋಗಾಲಯದಲ್ಲಿ ಸಾಬೀತಾಗಿದೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಆ ಸಾಬೀತು ಯಾವ ಬಗೆಯದು ಎಂಬುದನ್ನು ಅರಿಯಬೇಕಾದರೆ ಪರೀಕ್ಷೆಯ ಕ್ರಮವನ್ನು ತಿಳಿಯಬೇಕು.

ಗಿಡವನ್ನು ಗುರುತಿಸಿ, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರು ಅಥವಾ ಆಲ್ಕೋಹಾಲ್‌ನಲ್ಲಿ ಸಾರ ತೆಗೆಯುವುದು ಮೊದಲ ಹಂತ. ಗುರುತಿಸುವ ಕೆಲಸ ತೋರುವಷ್ಟು ಸುಲಭವಲ್ಲ. ನೆಲನೆಲ್ಲಿ ಎಂಬ ಒಂದೇ ಹೆಸರಿನಲ್ಲಿ ಫಿಲಾಂಥಸ್ ಕುಲದ ಹಲವು ಪ್ರಭೇದಗಳು ಸೇರಿಕೊಂಡಿವೆ. ಗಿಡ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಬಳಿಕ ಬಿಳಿ ಇಲಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಏನನ್ನೂ ಕೊಡುವುದಿಲ್ಲ. ಇನ್ನೊಂದಕ್ಕೆ ವಿಷ ಮಾತ್ರ. ಮತ್ತೊಂದಕ್ಕೆ ವಿಷದೊಡನೆ ಸಿಲಿಮರಿನ್ ಎಂಬ ಸಸ್ಯಜನ್ಯ ಔಷಧ. ಉಳಿದವಕ್ಕೆ ವಿಷದೊಡನೆ ಬೇರೆ ಬೇರೆ ಪ್ರಮಾಣದ ಸಾರ. ಹೆಚ್ಚಾಗಿ ಬಳಸುವ ವಿಷವೆಂದರೆ ಕಾರ್ಬನ್ ಟೆಟ್ರಾಕ್ಲೋರೈಡ್. ಹಿಂದೆ ಬಟ್ಟೆಗಳ ಡ್ರೈಕ್ಲೀನಿಂಗ್‌ಗೆ ಬಳಕೆಯಲ್ಲಿದ್ದ ದ್ರವವಿದು. ಮಿತಿಮೀರಿದ ಪ್ಯಾರಾಸಿಟಮಾಲ್ ಕೊಟ್ಟು ನಡೆಸುವ ಪ್ರಯೋಗಗಳೂ ಉಂಟು. ಯಕೃತ್ತಿನ ಜೀವಕೋಶ ಒಡೆದಾಗ ಅದರೊಳಗಿನ ಎಸ್‌ಜಿಪಿಟಿ, ಎಸ್‌ಜಿಒಟಿ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಸಾರ ಪಡೆದ ಇಲಿಗಳಲ್ಲಿ ಇವುಗಳ ಮಟ್ಟ ತಗ್ಗಿದ್ದು, ಸೂಕ್ಷ್ಮದರ್ಶಕದಲ್ಲಿಯೂ ಕೋಶಗಳು ಉಳಿದಿರುವುದು ಕಂಡುಬಂದರೆ ಸಾರಕ್ಕೆ ರಕ್ಷಣಾ ಗುಣವಿದೆಯೆಂದು ಬರೆಯುತ್ತಾರೆ.

ತೊಡಕಿರುವುದು ಇಲ್ಲಿಯೇ. ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಅಷ್ಟು ಘಾತಕವಲ್ಲ; ಯಕೃತ್ತಿನದೇ ಕಿಣ್ವವೊಂದು ಅದನ್ನು ಒಡೆದಾಗ ಹುಟ್ಟುವ ಕಣಗಳು ಕೋಶವನ್ನು ಸುಡುತ್ತವೆ. ಮುಂಚಿತವಾಗಿ ಕೊಟ್ಟ ಸಾರ ಆ ಕಿಣ್ವವನ್ನೇ ತಡೆದರೆ ವಿಷವೇ ತಯಾರಾಗದು. ಫಲಿತಾಂಶ ಸೊಗಸಾಗಿ ಕಾಣುತ್ತದೆ, ಆದರೆ ಯಕೃತ್ತು ಬಲಗೊಂಡಿರುವುದಿಲ್ಲ. ಅಲ್ಲದೆ ರೋಗಿ ಆಸ್ಪತ್ರೆಗೆ ಬರುವುದು ಯಕೃತ್ತು ಕೆಟ್ಟ ಮೇಲೆ. ವಿಷದ ನಂತರ ಸಾರ ಕೊಟ್ಟು ನೋಡುವ ಪ್ರಯೋಗ ಹೆಚ್ಚು ಬೆಲೆಯುಳ್ಳದ್ದು.

ಮನುಷ್ಯರ ಮೇಲಿನ ಪರೀಕ್ಷೆಗಳ ಕಥೆ ಇನ್ನೂ ಕಠಿಣ. 1988ರಲ್ಲಿ ಮದರಾಸಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿ ಲೋಕದ ಗಮನ ಸೆಳೆದಿತ್ತು. ಹೆಪಟೈಟಿಸ್ ಬಿ ವೈರಾಣು ಹೊತ್ತಿದ್ದವರಿಗೆ 30 ದಿನ ನೆಲನೆಲ್ಲಿ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು. ಹುಸಿ ಮದ್ದು ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಬೇರೆಡೆ ನಡೆದ ನಂತರದ ಪರೀಕ್ಷೆಗಳಲ್ಲಿ ಈ ಫಲ ಮರುಕಳಿಸಲಿಲ್ಲ. ಪ್ರಯೋಗಾಲಯಗಳು ಅಳತೆಗೋಲಾಗಿ ಬಳಸುವ ಸಿಲಿಮರಿನ್‌ನ ಗತಿಯೂ ಇದೇ: ಹೆಪಟೈಟಿಸ್ ಸಿ ಇದ್ದ 154 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹುಸಿ ಮದ್ದಿಗಿಂತ ಮೇಲಾಗಲಿಲ್ಲ.

ಹಾಗಾದರೆ ಊರಲ್ಲಿ ಮದ್ದು ಕುಡಿದವರಿಗೆ ಗುಣವಾದದ್ದು ಸುಳ್ಳೇ? ಸುಳ್ಳಲ್ಲ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಕೀರ್ತಿ ಆ ದಿನಗಳಲ್ಲಿ ಕುಡಿದ ಕಷಾಯಕ್ಕೆ ಸಲ್ಲುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಬಂದ ಕಾಮಾಲೆಗೆ ಅದೇ ಕಷಾಯ ಕುಡಿಯುತ್ತ ಕುಳಿತರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ರಕ್ಷಕನೆಂದು ಹೆಸರಾದ ಸಸ್ಯವೇ ಆರೋಪಕ್ಕೆ ಗುರಿಯಾದದ್ದೂ ಉಂಟು. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗಾಗಿ ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ 6 ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಸೇವಿಸಿದ ವಸ್ತುವನ್ನು ವಿಶ್ಲೇಷಿಸಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಅದೇ ಕುಲದ ಬೇರೊಂದು ಬಳ್ಳಿ ಬೆರೆತಿರಬಹುದೆಂಬ ವಾದವೂ ಬಂತು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಒಟ್ಟುಗೂಡಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದರು.