ಏಳು ದಿನಗಳ ವಾರ ಹುಟ್ಟಿದ ಬಗೆ

ತಿಂಗಳಿಗೆ ಚಂದ್ರನ, ವರ್ಷಕ್ಕೆ ಸೂರ್ಯನ ಆಧಾರವಿದ್ದರೂ ವಾರಕ್ಕೆ ಆಕಾಶದಲ್ಲಿ ಅಂತಹ ನೇರ ಆಧಾರವಿಲ್ಲ. ಬ್ಯಾಬಿಲೋನಿಯದವರು ತಿಂಗಳ 7, 14, 21 ಮತ್ತು 28ನೆಯ ದಿನಗಳನ್ನು ಅಶುಭವೆಂದು ಎಣಿಸುತ್ತಿದ್ದರಾದರೂ ತಿಂಗಳು ತಿಂಗಳಿಗೂ ಆ ಎಣಿಕೆ ಹೊಸದಾಗಿ ಆರಂಭವಾಗುತ್ತಿತ್ತು. ಚಂದ್ರನ ಹಂಗಿಲ್ಲದೆ ಏಳನೆಯ ದಿನವನ್ನು ನಿರಂತರವಾಗಿ ಎಣಿಸಿ, ಅಂದು ಆಳುಗಳಿಗೂ ದನಕರುಗಳಿಗೂ ಬಿಡುವು ಕೊಡಬೇಕೆಂದು ವಿಧಿಸಿದ್ದು ಯಹೂದ್ಯರ ಧರ್ಮ.

ದಿನಗಳಿಗೆ ಗ್ರಹಗಳ ಹೆಸರು ಬಂದದ್ದು ಬೇರೆಯೇ ದಾರಿಯಿಂದ. ಗ್ರೀಕ್ ಜ್ಯೋತಿಷಿಗಳು ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಒಂದೊಂದು ಹೋರೆಗೆ, ಅಂದರೆ ದಿನದ ಇಪ್ಪತ್ತನಾಲ್ಕು ಭಾಗಗಳಲ್ಲಿ ಒಂದೊಂದಕ್ಕೆ, ಒಬ್ಬೊಬ್ಬ ಅಧಿಪತಿಯನ್ನು ಕಲ್ಪಿಸಿ, ಮೊದಲ ಹೋರೆಯ ಅಧಿಪತಿಯ ಹೆಸರನ್ನೇ ದಿನಕ್ಕಿಟ್ಟರು. ಏಳರ ಮೂರು ಸುತ್ತು ಮುಗಿದ ಮೇಲೆ ಮೂರು ಹೋರೆಗಳು ಉಳಿಯುವುದರಿಂದ ಶನಿಯ ಮರುದಿನ ರವಿಯೂ, ಅದರ ಮರುದಿನ ಸೋಮನೂ ಬರುತ್ತಾರೆ. ಇಷ್ಟು ಸರಳವಾದ ಲೆಕ್ಕವೊಂದು ಇಂದಿಗೂ ನಮ್ಮ ದಿನಗಳ ಸರದಿಯನ್ನು ನಿರ್ಧರಿಸುತ್ತಿರುವುದು ನಿಜಕ್ಕೂ ಬೆರಗಿನ ಸಂಗತಿ.

ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಸಾರಿದನು. ತಿಥಿ, ನಕ್ಷತ್ರಗಳಿಂದಲೇ ದಿನವನ್ನು ಗುರುತಿಸುತ್ತಿದ್ದ ಭಾರತದಲ್ಲಿ ವಾರದ ಹೆಸರು ಕಾಣುವ ಅತಿ ಹಳೆಯ ಶಾಸನಗಳಲ್ಲೊಂದು ಮಧ್ಯಪ್ರದೇಶದ ಏರಣದಲ್ಲಿದ್ದು, ಬುಧಗುಪ್ತನ ಆಳ್ವಿಕೆಯ ಕ್ರಿ.ಶ. 484ರ ಆ ಬರಹವು ಆಷಾಢ ಶುದ್ಧ ದ್ವಾದಶಿಯ ಜೊತೆಗೆ ಗುರುವಾರವನ್ನೂ ನಮೂದಿಸುತ್ತದೆ.