ರುಮಟಾಯ್ಡ್ ಸಂಧಿವಾತದಲ್ಲಿ ರೋಗಶಮನ: ಅಳತೆಗಳ ನಡುವಿನ ಅಂತರ

1. ವ್ಯಾಖ್ಯೆ

1981ರಲ್ಲಿ ಪಿನಾಲ್ಸ್ ಮತ್ತು ಸಂಗಡಿಗರು ಸೂಚಿಸಿದ ಮಾನದಂಡದಲ್ಲಿ ಆರು ಅಂಶಗಳಿದ್ದವು; ಕನಿಷ್ಠ ಐದು, ಸತತ ಎರಡು ತಿಂಗಳು ಈಡೇರಬೇಕಿತ್ತು. 2011ರ ಎಸಿಆರ್–ಯೂಲಾರ್ ವ್ಯಾಖ್ಯೆಯಲ್ಲಿ ಈ ಅವಧಿಯ ಷರತ್ತಿಲ್ಲ. ಅದರ ಬೂಲಿಯನ್ ರೂಪದಲ್ಲಿ ನೋವಿನ ಕೀಲು, ಊದಿದ ಕೀಲು, ಸಿಆರ್‌ಪಿ, ರೋಗಿಯ ಸ್ವಂತ ಅಂದಾಜು ನಾಲ್ಕೂ 1ನ್ನು ಮೀರಬಾರದು. ರೋಗಿಯ ಅಂದಾಜಿನ ಮಿತಿ ಪರಿಷ್ಕರಣೆಯಲ್ಲಿ 2ಕ್ಕೆ ಏರಿತು.

ಸಿಆರ್‌ಪಿಯ ಮಿತಿ ಡೆಸಿಲೀಟರಿಗೆ 1 ಮಿಲಿಗ್ರಾಂ. ನಮ್ಮ ಪ್ರಯೋಗಾಲಯಗಳ ವರದಿ ಸಾಮಾನ್ಯವಾಗಿ ಲೀಟರಿನ ಲೆಕ್ಕದಲ್ಲಿರುತ್ತದೆ. ಅಹಮದಾಬಾದಿನ ಬೋಡಕ್‌ದೇವ್‌ನ ರೋಗಿಯೊಬ್ಬರ ವರದಿಯಲ್ಲಿ 6 ಎಂದಿದ್ದರೆ ಅದು 0.6, ಮಾನದಂಡದೊಳಗೇ ಇದೆ. ಏಕಮಾನ ಗಮನಿಸದಿದ್ದರೆ ಶಮನಗೊಂಡ ರೋಗವೂ ಸಕ್ರಿಯವೆಂದು ದಾಖಲಾದೀತು.

2. ಡಿಎಎಸ್28

ಇಲ್ಲಿ 2.6ಕ್ಕಿಂತ ಕಡಿಮೆ ಅಂಕವೇ ಶಮನ. ಎರಡು ಕಾಲ್ಪನಿಕ ಲೆಕ್ಕಗಳು. ಒಂದು ಕೀಲು ನೋವು, ಮೂರು ಕೀಲು ಊತ, ಇಎಸ್‌ಆರ್ 5, ನೂರರ ಮಾಪಕದಲ್ಲಿ ರೋಗಿಯ ಅಂದಾಜು 10: ಅಂಕ ಸುಮಾರು 2.31. ಊದಿದ ಕೀಲುಗಳಿದ್ದೂ ಶಮನ! ನೋವು, ಊತ ಎರಡೂ ಇಲ್ಲದೆ, ಅಂದಾಜು ಅಷ್ಟೇ ಇದ್ದು, ಇಎಸ್‌ಆರ್ 45 ಆದರೆ ಅಂಕ 2.80: ಶಮನವಲ್ಲ. ರಕ್ತಹೀನತೆಯೂ ಇಎಸ್‌ಆರ್ ಏರಿಸುವುದರಿಂದ ಎರಡನೆಯ ಸಂದರ್ಭ ಭಾರತದಲ್ಲಿ ಅಪರೂಪವಾಗಿರಲಾರದು. ಇಎಸ್‌ಆರ್ ಬಳಸದ ಸಿಡಿಎಐನಲ್ಲಿ (ಮಿತಿ 2.8), ವೈದ್ಯರ ಅಂದಾಜೂ ಹತ್ತರಲ್ಲಿ 1ನ್ನು ಮೀರದಿದ್ದರೆ, ಈ ಎರಡನೆಯ ರೋಗಿ ಶಮನದಲ್ಲೇ ಇದ್ದಾರೆ. ಪಾದ, ಹರಡುಗಳ ಕೀಲುಗಳು ಡಿಎಎಸ್28 ಎಣಿಸುವ 28 ಕೀಲುಗಳಲ್ಲಿ ಸೇರಿಲ್ಲ. ಇದು ಸಣ್ಣ ಲೋಪವಲ್ಲ.

3. ಸಾಧನೆ

2004ರಲ್ಲಿ ಪ್ರಕಟವಾದ ಗ್ಲಾಸ್ಗೋದ ಟಿಕೋರಾ ಅಧ್ಯಯನದಲ್ಲಿ 18 ತಿಂಗಳ ಬಳಿಕ ತೀವ್ರ ನಿರ್ವಹಣೆಯ ಗುಂಪಿನ ಶೇ. 65, ವಾಡಿಕೆ ಆರೈಕೆಯ ಶೇ. 16 ರೋಗಿಗಳು ಶಮನ ತಲುಪಿದರು. ಅಲ್ಲಿನ ಅಳತೆ ಮೂಲ ಡಿಎಎಸ್, ಮಿತಿ 1.6, ಡಿಎಎಸ್28ರ ಅಂಕಗಳೊಡನೆ ನೇರ ಹೋಲಿಕೆ ಸಲ್ಲದು. ಜೈವಿಕ ಔಷಧಗಳಿಲ್ಲದೆ, ತಿಂಗಳಿಗೊಮ್ಮೆ ಅಳೆದು ಚಿಕಿತ್ಸೆ ಹೆಚ್ಚಿಸಿದ್ದು ಇಲ್ಲಿ ಮುಖ್ಯ.

ಅಹಮದಾಬಾದಿನ ಝೈಡಸ್ ಕ್ಯಾಡಿಲಾ 2014ರ ಡಿಸೆಂಬರಿನಲ್ಲಿ ಅಡಾಲಿಮುಮ್ಯಾಬ್ ಎಂಬ ಜೈವಿಕ ಔಷಧದ ಬಯೋಸಿಮಿಲರ್ ‘ಎಕ್ಸೆಂಪ್ಟಿಯಾ’ವನ್ನು ಮಾರುಕಟ್ಟೆಗೆ ತಂದಿತು. ಲಭ್ಯತೆ ಹೆಚ್ಚಿತೆಂದು ಇದರಿಂದ ಹೇಳಬಹುದು. ಶಮನದ ಪ್ರಮಾಣ ಹೆಚ್ಚಿತೆಂದು ಊಹಿಸುವುದು ಅವಸರವಾದೀತು. ಈ ವರ್ಗದ ಔಷಧ ಆರಂಭಿಸುವ ಮುನ್ನ ಸುಪ್ತ ಕ್ಷಯದ ತಪಾಸಣೆಯೂ ಬೇಕು.

4. ದಾಖಲೆ

ಸಿಆರ್‌ಪಿ ಬಳಸಿದ ಡಿಎಎಸ್28 ಅಂಕ ಸಾಮಾನ್ಯವಾಗಿ ಇಎಸ್‌ಆರ್ ಆವೃತ್ತಿಗಿಂತ ಕಡಿಮೆ ಬರುತ್ತದೆ. ಟೋಸಿಲಿಜುಮ್ಯಾಬ್ ಪಡೆಯುವವರಲ್ಲಿ ಎರಡೂ ಸೂಚಕಗಳು ಕೀಲಿನ ಸ್ಥಿತಿಗಿಂತ ಹೆಚ್ಚು ಇಳಿಯಬಹುದು. ಆದ್ದರಿಂದ ಬಳಸಿದ ಸೂತ್ರ, ಏಕಮಾನ, ಔಷಧ ಮೂರನ್ನೂ ನಮೂದಿಸದ ಶೇಕಡಾವಾರುಗಳನ್ನು ಒಂದೇ ಕೋಷ್ಟಕದಲ್ಲಿ ಸೇರಿಸುವುದು ಸಮರ್ಥನೀಯವೆನಿಸುವುದಿಲ್ಲ.